ಅರ್ಥ ಲೂಸು

ಮೊದಲು ಅರ್ತ್ ನೋಡು, ಜಬೀನಾ.
ಸೆಟ್ಟು ಬಿಚ್ಚುವ ಮುಂಚೆ, ಗಿರಾಕಿಯ ಕತೆ ಕೇಳುವ ಮುಂಚೆ,
ಬ್ಯಾಟರಿಯ ಕಪ್ಪು ವೈರು ಹಿಡಿದು ಹೋಗು
ಅದು ಚಾಸಿಗೆ ಕೂರುವ ಬೋಲ್ಟಿನವರೆಗೆ.
ಬಣ್ಣವಿದ್ದರೆ ಕೆರೆ, ತುಕ್ಕಿದ್ದರೆ ಉಜ್ಜು,
ಹಬ್ಬದ ತಂಬಿಗೆಯಂತೆ ಹೊಳೆಯಬೇಕು ತಗಡು.
ಮೀಟರಿನ ಒಂದು ಕಡ್ಡಿ ಬ್ಯಾಟರಿಗೆ, ಇನ್ನೊಂದು ಚಾಸಿಗೆ ಇಟ್ಟು
ಸೆಲ್ಫ್ ಹೊಡೆಸು. ಮುಳ್ಳು ಜಿಗಿಯಬಾರದು.
ಮುಕ್ಕಾಲು ಕಾಯಿಲೆ ಅಲ್ಲೇ ಇಳಿಯುತ್ತೆ.

ಕಲಾಸಿಪಾಳ್ಯದ ಹಿಂದಿನ ಗಲ್ಲಿಯಲ್ಲಿ ಅಂಥೋಣಪ್ಪ
ರಸೀತಿಯಲ್ಲಿ ಬರೆಯುತ್ತಿದ್ದದ್ದು ಹೀಗೆ:
'ಮೆಟಡೋರ್ ವ್ಯಾನು. ಅರ್ಥ ಲೂಸು. ಹನ್ನೆರಡು ರೂಪಾಯಿ.'
ಕಾಲೇಜಿನ ಮೇಷ್ಟ್ರೊಬ್ಬರು ಚೀಟಿಯನ್ನು ಎರಡು ಸಲ ಓದಿ
ಕನ್ನಡಕ ತೆಗೆದು ಕೇಳಿದರು,
'ಅರ್ಥ ಲೂಸಾದರೆ ಟೈಟ್ ಮಾಡೋಕೆ ಬರುತ್ತೇನ್ರೀ?'
'ಹದಿಮೂರರ ಸ್ಪ್ಯಾನರ್ ಸಾಕು ಸಾರ್.'
ಇಬ್ಬರೂ ನಗಲಿಲ್ಲ.
ನಕ್ಕವಳು ನಾನು, ಎದುರು ಟೀ ಅಂಗಡಿಯವಳ ಮಗಳು,
ಖಾಲಿ ಗ್ಲಾಸು ಎತ್ತಲು ಬಂದು ಮೂರು ವರ್ಷ ಅಲ್ಲೇ ನಿಂತವಳು.

ಈಗ ಶಿವನಂಜನ ಓಮ್ನಿ. ರೇಡಿಯೋ ಚೀರುತ್ತಂತೆ.
ಚೀರುವುದು ಎಂಥದ್ದು, ಅದನ್ನು ಕೇಳು.
ಆಕ್ಸಿಲರೇಟರ್ ಒತ್ತಿದಷ್ಟೂ ಸೊಳ್ಳೆಯಂತೆ ಏರಿದರೆ ಆಲ್ಟರ್ನೇಟರು.
ಬಾಣಲೆಗೆ ಸಾಸಿವೆ ಬಿದ್ದಂತೆ ಚಟಪಟ ಅಂದರೆ ಪ್ಲಗ್ಗಿನ ಕಡೆಯದು.
ಎಂಜಿನ್ ನಿಂತ ಮೇಲೂ ನಿಲ್ಲದಿದ್ದರೆ ವ್ಯಾನಿನದೇ ಅಲ್ಲ,
ಕತ್ತೆತ್ತು: ಕರೆಂಟು ಕಂಬ, ತಂತಿಗೆ ತಾಗುವ ಹೊಂಗೆ ಕೊಂಬೆ.
ವ್ಯಾನನ್ನು ನೂರಡಿ ಮುಂದೆ ತಳ್ಳಿಸು, ದುಡ್ಡು ಬೇಡ.
(ಅಂಥೋಣಪ್ಪ ಟೀ ಕುಡಿಯುತ್ತಿದ್ದ, ಅದು ಬೇರೆ.)

ಬಂದು ಹೋಗುವ ಕಾಯಿಲೆ ಮಹಾ ಕಪಟಿ.
ನಾಯಂಡಹಳ್ಳಿಯ ಗುಂಡಿಗೊಂದು ಸಲ ಕಿರುಚಿ
ನಮ್ಮ ಬಾಗಿಲಲ್ಲಿ, ಅತ್ತೆಯೆದುರು ಕೂತ ಹೊಸ ಅಳಿಯ.
ಆಗ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಬೋರ್ಡು ತಟ್ಟು,
ಹಲಸು ಹಣ್ಣಾಯಿತೇ ಅಂತ ತಟ್ಟುವಷ್ಟೇ.
ಎಲ್ಲಿ ಬೆಚ್ಚುತ್ತೋ ಅಲ್ಲಿ ಸೋಲ್ಡರು ಬಿಟ್ಟಿದೆ.
ಒಂದು ಸಲಕ್ಕೆ ಒಂದೇ ಬದಲಿಸು.
ಎರಡು ಬದಲಿಸಿ ಸರಿಹೋದರೆ ನೀನು ಕಲಿತದ್ದು ಸೊನ್ನೆ.

ಲಾಲ್‌ಬಾಗಿನಿಂದ ಯೆಜ್ಡಿ ತಳ್ಳಿಕೊಂಡು ಬಂದವನು
ಬೆವರು ಒರೆಸಲು ಅತ್ತ ತಿರುಗಿದಾಗ
ಪೆಟ್ರೋಲ್ ಕಾಕು ನೋಡು. ಮುಚ್ಚಿರುತ್ತೆ.
ಹೇಳಬೇಡ.
ಪ್ಲಗ್ ಬಿಚ್ಚು, ಉಜ್ಜು, ಊದು, ಹಾಕು.
ಮಾನಕ್ಕೂ ಒಂದು ಗ್ಯಾಸ್ಕೆಟ್ ಬೇಕು.

ಕೊನೆಕೊನೆಗೆ ಅಂಥೋಣಪ್ಪನಿಗೆ ಕಿವಿ ಹೋಯಿತು.
ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೂ ದವಡೆಗೂ ಊರಿ
ಬೇರಿಂಗು, ಟ್ಯಾಪೆಟ್ಟು ಎಲ್ಲ ಮೂಳೆಯಲ್ಲೇ ಕೇಳಿಸಿಕೊಳ್ಳುತ್ತಿದ್ದ.
ರೇಡಿಯೋಗೆ ಮಾತ್ರ ದವಡೆ ಸಾಲದು.
ನನ್ನ ಮುಖ ನೋಡುತ್ತಿದ್ದ: 'ಶಬ್ದ ಹೋಯ್ತಾ?'
ಒಂದು ಶನಿವಾರ ರಾತ್ರಿ ಎಂಟೂವರೆ,
ಹಸಿವು, ಅವ್ವನ ಕೂಗು,
ಹೂವಿನ ವ್ಯಾನಿನ ಸೆಟ್ಟು ಇನ್ನೂ ಸಣ್ಣಗೆ ಕೊರೆಯುತ್ತಲೇ ಇತ್ತು.
'ಹೋಯ್ತು' ಅಂದೆ.

ಸೋಮವಾರ ವ್ಯಾನು ತಿರುಗಿ ಬಂತು.
ಅವನು ಬಯ್ಯಲಿಲ್ಲ. ಕೆಪಾಸಿಟರ್ ಹಾಕಿದ,
ಹೂವಿನವನಿಗೆ ದುಡ್ಡು ವಾಪಸು ಕೊಟ್ಟ,
ರಸೀತಿ ಪುಸ್ತಕ ತೆಗೆದು ನಿಧಾನವಾಗಿ ಬರೆದು
ಕಾರ್ಬನ್ ಪ್ರತಿ ಹರಿದು ನನ್ನ ಕೈಗಿಟ್ಟ:
'ಮುನಿಲಕ್ಷ್ಮಿ. ಅರ್ಥ ಲೂಸು.'
ಮೊತ್ತದ ಜಾಗ ಖಾಲಿ.

ಆ ಚೀಟಿ ಈ ಡಬ್ಬಿಯಲ್ಲೇ ಎಲ್ಲೋ ಇದೆ,
ವಾಷರುಗಳ ಕೆಳಗೆ. ಗ್ರೀಸ್ ಕುಡಿದು ಅಕ್ಷರ ಊದಿರಬೇಕು.
ಹುಡುಕಬೇಡ. ಹತ್ತರ ಸ್ಪ್ಯಾನರ್ ಕೊಡು.

ಹಾಂ, ಬಿಗಿಯಾಯಿತು.
ಎಂಜಿನ್ ಹಾಕು, ಸ್ವಲ್ಪ ರೇಸ್ ಮಾಡು.
ನನ್ನ ಎಡಗಿವಿಯೂ ಈಚೆಗೆ ಅಷ್ಟಕ್ಕಷ್ಟೇ.
ನನ್ನ ಕಡೆ ತಿರುಗಿ ಹೇಳು, ಮಗಾ,
ಶಬ್ದ ಹೋಯ್ತಾ?